ಸಿಕೋರ್ಸ್ಕಿ: ಪುಟ್ಟ ಹಕ್ಕಿಯಿಂದ ಬಂದ ಪೋಲಿಷ್ ಕುಲನಾಮ, ಆ ಹೆಸರಿನ ಪ್ರಸಿದ್ಧರು

ಸಿಕೋರ್ಸ್ಕಿ ಎಂಬುದು ಪೋಲೆಂಡ್ ದೇಶದ ಒಂದು ಪ್ರಸಿದ್ಧ ಕುಲನಾಮ. ಆ ದೇಶದಲ್ಲಿ ಹತ್ತಾರು ಸಾವಿರ ಜನರಿಗೆ ಈ ಅಡ್ಡಹೆಸರಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೋಲೆಂಡಿನ ಪ್ರಧಾನಿಯಾಗಿದ್ದ ಜನರಲ್ ವ್ಲಾಡಿಸ್ಲಾವ್ ಸಿಕೋರ್ಸ್ಕಿ ಮತ್ತು ಹೆಲಿಕಾಪ್ಟರ್ ನಿರ್ಮಾಪಕ ಇಗೋರ್ ಸಿಕೋರ್ಸ್ಕಿ ಅವರಿಂದಾಗಿ ಈ ಹೆಸರು ಜಗತ್ತಿಗೆಲ್ಲ ಪರಿಚಿತವಾಯಿತು. ಗಣಿತ, ಸಂಗೀತ, ರಾಜಕಾರಣ ಕ್ಷೇತ್ರಗಳಲ್ಲೂ ಈ ಹೆಸರಿನವರು ಖ್ಯಾತರಾಗಿದ್ದಾರೆ.

ಇವರೆಲ್ಲ ಒಂದೇ ಮನೆತನದವರಲ್ಲ. ಆದರೆ ಇವರ ಬದುಕನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ 20ನೇ ಶತಮಾನದಲ್ಲಿ ಪೋಲೆಂಡ್ ಅನುಭವಿಸಿದ ಯುದ್ಧ, ಗಡಿಪಾರು ಮತ್ತು ವಲಸೆಯ ಚಿತ್ರಣ ಸಿಗುತ್ತದೆ. ಆ ಚಿತ್ರಣದಲ್ಲಿ ಬೆಳಗಾವಿ-ನಿಪ್ಪಾಣಿ ಸೀಮೆಗೆ ಹತ್ತಿರದ ಕೊಲ್ಹಾಪುರಕ್ಕೂ ಒಂದು ಸ್ಥಾನವಿದೆ.

ಹೆಸರಿನ ಮೂಲ

ಪೋಲಿಷ್ ಭಾಷೆಯಲ್ಲಿ 'ಸಿಕೋರಾ' ಎಂದರೆ ಒಂದು ಪುಟ್ಟ ಹಕ್ಕಿ. ಗುಬ್ಬಚ್ಚಿಯಷ್ಟು ಗಾತ್ರ, ಕಪ್ಪು ತಲೆ, ಬಿಳಿ ಕೆನ್ನೆ ಇದರ ಗುರುತು. ಇಂಗ್ಲಿಷಿನಲ್ಲಿ ಇದನ್ನು 'ಟಿಟ್' ಎನ್ನುತ್ತಾರೆ. ಯುರೋಪಿನ ಚಳಿಗಾಲದಲ್ಲಿ ಮನೆಗಳ ಕಿಟಕಿಯ ಬಳಿ ಕಾಳು ಹುಡುಕಿಕೊಂಡು ಬರುವ ಈ ಹಕ್ಕಿ ಅಲ್ಲಿನವರಿಗೆ ಬಹಳ ಪರಿಚಿತ. ಇದರ ಹತ್ತಿರದ ಬಂಧುವಾದ ಬೂದು ಬಣ್ಣದ ಹಕ್ಕಿಯೊಂದು ನೀಲಗಿರಿಯ ಕಾಡುಗಳಲ್ಲೂ ಕಾಣಸಿಗುತ್ತದೆ.

ಈ ಹಕ್ಕಿಯ ಹೆಸರಿನಿಂದ ಪೋಲೆಂಡಿನಲ್ಲಿ ಸಿಕೋರಿ, ಸಿಕೋಶ್ ಮೊದಲಾದ ಊರುಗಳ ಹೆಸರು ಹುಟ್ಟಿಕೊಂಡವು. ಆ ಊರುಗಳವರು ಸಿಕೋರ್ಸ್ಕಿ ಎನಿಸಿಕೊಂಡರು. 'ಸ್ಕಿ' ಎಂಬ ಕೊನೆಯ ಭಾಗಕ್ಕೆ 'ಆ ಊರಿನ', 'ಅದಕ್ಕೆ ಸೇರಿದ' ಎಂಬ ಅರ್ಥವಿದೆ. ಸೊಲ್ಲಾಪುರಕರ, ಅಕ್ಕಲಕೋಟಕರ ಎಂಬ ಅಡ್ಡಹೆಸರುಗಳನ್ನು ಬಲ್ಲವರಿಗೆ ಈ ಪದ್ಧತಿ ಹೊಸದೆನಿಸದು. ಮೊದಮೊದಲು 'ಸ್ಕಿ' ಪ್ರತ್ಯಯ ಭೂಮಾಲೀಕರಾದ ಕುಲೀನರ ಗುರುತಾಗಿತ್ತು. ಕ್ರಮೇಣ ಪೇಟೆಯವರು, ರೈತರು ಕೂಡ ಇದನ್ನು ಬಳಸತೊಡಗಿದರು. ಹೀಗೆ ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ಕಾಲದಲ್ಲಿ ಒಂದೇ ಹೆಸರು ಹುಟ್ಟಿದ್ದರಿಂದ ಸಿಕೋರ್ಸ್ಕಿಗಳೆಲ್ಲರಿಗೂ ಒಬ್ಬನೇ ಮೂಲಪುರುಷ ಎಂದು ಹೇಳಲು ಬರುವುದಿಲ್ಲ.

ಉಚ್ಚಾರಣೆ ಮತ್ತು ರೂಪಗಳು

ಪೋಲಿಷ್ ಉಚ್ಚಾರಣೆಯಲ್ಲಿ ಮೊದಲ ಅಕ್ಷರ 'ಶಿ'ಗೆ ಹತ್ತಿರವಿದ್ದು, ಹೆಸರು 'ಶಿಕೋರ್ಸ್ಕಿ' ಎಂದು ಕೇಳಿಸುತ್ತದೆ. ರಷ್ಯನ್ ಮತ್ತು ಇಂಗ್ಲಿಷ್ ಉಚ್ಚಾರಣೆ 'ಸಿಕೋರ್ಸ್ಕಿ'. ನಮ್ಮ ಪತ್ರಿಕೆಗಳಲ್ಲಿ ಬಳಕೆಗೆ ಬಂದಿರುವುದು ಈ ಎರಡನೆಯ ರೂಪವೇ.

ಪೋಲಿಷ್ ಪದ್ಧತಿಯಂತೆ ಪುರುಷರಿಗೆ ಸಿಕೋರ್ಸ್ಕಿ, ಮಹಿಳೆಯರಿಗೆ ಸಿಕೋರ್ಸ್ಕಾ. ಜನರಲ್ ಸಿಕೋರ್ಸ್ಕಿಯವರ ಪತ್ನಿಯ ಹೆಸರು ಹೆಲೆನಾ ಸಿಕೋರ್ಸ್ಕಾ. ಹಕ್ಕಿಯ ಹೆಸರು ಯಾವ ಪ್ರತ್ಯಯವೂ ಇಲ್ಲದೆ 'ಸಿಕೋರಾ' ಎಂಬ ಕುಲನಾಮವಾಗಿಯೂ ಉಳಿದಿದೆ. 2006ರ ಟ್ಯೂರಿನ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಬಯಾಥ್ಲಾನ್ ಸ್ಪರ್ಧೆಯ ಬೆಳ್ಳಿ ಪದಕ ಗೆದ್ದ ಪೋಲೆಂಡಿನ ತೊಮಾಷ್ ಸಿಕೋರಾ ಇದಕ್ಕೆ ಉದಾಹರಣೆ. ನೆರೆಯ ಚೆಕ್ ಭಾಷೆಯಲ್ಲಿ ಇದೇ ಹಕ್ಕಿ 'ಸೀಕೊರಾ'. ಅಲ್ಲಿಯೂ ಅದು ಸಾಮಾನ್ಯ ಕುಲನಾಮ.

ಜನರಲ್ ವ್ಲಾಡಿಸ್ಲಾವ್ ಸಿಕೋರ್ಸ್ಕಿ (1881-1943)

ಈ ಹೆಸರಿನವರಲ್ಲಿ ಪೋಲೆಂಡಿನ ಜನ ಮೊದಲು ನೆನೆಯುವುದು ಜನರಲ್ ವ್ಲಾಡಿಸ್ಲಾವ್ ಸಿಕೋರ್ಸ್ಕಿಯವರನ್ನು. ಅವರು ಹುಟ್ಟಿದ್ದು 1881ರ ಮೇ 20ರಂದು, ತುಶೂವ್ ನರೊದೊವಿ ಎಂಬ ಹಳ್ಳಿಯಲ್ಲಿ. ಆಗ ಭೂಪಟದಲ್ಲಿ ಪೋಲೆಂಡ್ ಎಂಬ ದೇಶವೇ ಇರಲಿಲ್ಲ. 1795ರ ಹೊತ್ತಿಗೆ ರಷ್ಯಾ, ಪ್ರಷ್ಯಾ, ಆಸ್ಟ್ರಿಯಾಗಳು ಅದನ್ನು ಪೂರ್ತಿಯಾಗಿ ಹಂಚಿಕೊಂಡಿದ್ದವು. ಸಿಕೋರ್ಸ್ಕಿಯವರ ಹಳ್ಳಿ ಆಸ್ಟ್ರಿಯಾದ ಪಾಲಿಗೆ ಬಂದ ಗ್ಯಾಲಿಶಿಯಾ ಪ್ರಾಂತ್ಯದಲ್ಲಿತ್ತು. ಲ್ವೂವ್ ನಗರದ ಪಾಲಿಟೆಕ್ನಿಕ್‌ನಲ್ಲಿ ಎಂಜಿನಿಯರಿಂಗ್ ಓದಿದ ಅವರು, ಸ್ವಾತಂತ್ರ್ಯಕ್ಕಾಗಿ ಯುವಕರಿಗೆ ಶಸ್ತ್ರಾಭ್ಯಾಸ ಮಾಡಿಸುವ ಸಂಘಟನೆಗಳಲ್ಲಿ ತೊಡಗಿಕೊಂಡರು.

1918ರಲ್ಲಿ ಪೋಲೆಂಡ್ ಮತ್ತೆ ಸ್ವತಂತ್ರವಾಯಿತು. 1920ರ ಆಗಸ್ಟ್‌ನಲ್ಲಿ ಸೋವಿಯತ್ ಸೇನೆ ವಾರ್ಸಾ ನಗರದ ಬಾಗಿಲಿಗೆ ಬಂದಾಗ, ಉತ್ತರದ ಕಡೆಯಲ್ಲಿ ವ್ಕ್ರಾ ನದಿಯ ಬಳಿ ಹೋರಾಡಿದ 5ನೇ ಸೇನೆಯ ನಾಯಕತ್ವ ಸಿಕೋರ್ಸ್ಕಿಯವರದಾಗಿತ್ತು. ಆ ಯುದ್ಧದಲ್ಲಿ ಪೋಲೆಂಡ್ ಗೆದ್ದಿತು.

1922ರ ಡಿಸೆಂಬರ್ 16ರಂದು ದೇಶದ ಮೊದಲ ರಾಷ್ಟ್ರಪತಿ ಗಬ್ರಿಯೆಲ್ ನರುತೊವಿಚ್ ಅಧಿಕಾರ ವಹಿಸಿಕೊಂಡ ಐದೇ ದಿನಕ್ಕೆ ಹತ್ಯೆಗೀಡಾದರು. ದೇಶ ಒಳಜಗಳದ ಅಂಚಿನಲ್ಲಿದ್ದ ಆ ಗಳಿಗೆಯಲ್ಲಿ ಸಿಕೋರ್ಸ್ಕಿ ಪ್ರಧಾನಿಯಾದರು. 1923ರ ಮೇ ತನಕ ನಡೆದ ಅವರ ಸರ್ಕಾರದ ಕಾಲದಲ್ಲಿಯೇ ಪೋಲೆಂಡಿನ ಪೂರ್ವದ ಗಡಿಗೆ ಮಿತ್ರ ರಾಷ್ಟ್ರಗಳ ಮಾನ್ಯತೆ ಸಿಕ್ಕಿತು. 1926ರಲ್ಲಿ ಮಾರ್ಷಲ್ ಪಿಲ್ಸುದ್‌ಸ್ಕಿ ಸೇನಾಬಲದಿಂದ ಅಧಿಕಾರ ಹಿಡಿದ ಮೇಲೆ ಸಿಕೋರ್ಸ್ಕಿಯವರನ್ನು ಮೂಲೆಗುಂಪು ಮಾಡಲಾಯಿತು. ಆ ಬಿಡುವಿನಲ್ಲಿ ಅವರು ಬರೆದ ಪುಸ್ತಕ 1934ರಲ್ಲಿ ಪ್ರಕಟವಾಯಿತು. ಮುಂದಿನ ಯುದ್ಧ ಕಂದಕಗಳಲ್ಲಿ ಕೂತು ನಡೆಯುವುದಿಲ್ಲ, ಯಂತ್ರವಾಹನ ಮತ್ತು ವಿಮಾನಗಳ ವೇಗದಿಂದ ನಡೆಯುತ್ತದೆ ಎಂಬುದು ಅದರ ತಿರುಳು. ಐದು ವರ್ಷಗಳಲ್ಲಿ ಆ ಮಾತು ಅವರ ದೇಶದ ಮೇಲೆಯೇ ನಿಜವಾಯಿತು.

1939ರ ಸೆಪ್ಟೆಂಬರ್ 1ರಂದು ಜರ್ಮನಿ ಪಶ್ಚಿಮದಿಂದ, 17ರಂದು ಸೋವಿಯತ್ ಒಕ್ಕೂಟ ಪೂರ್ವದಿಂದ ಪೋಲೆಂಡಿನ ಮೇಲೆ ದಾಳಿ ಮಾಡಿದವು. ಸಿಕೋರ್ಸ್ಕಿ ರುಮೇನಿಯಾ ಮಾರ್ಗವಾಗಿ ಫ್ರಾನ್ಸ್ ಸೇರಿದರು. ಸೆಪ್ಟೆಂಬರ್ 30ರಂದು ದೇಶಭ್ರಷ್ಟ ಸರ್ಕಾರದ ಪ್ರಧಾನಿಯಾದರು, ನವೆಂಬರ್‌ನಲ್ಲಿ ಸೇನೆಯ ಮಹಾದಂಡನಾಯಕರೂ ಆದರು. 1940ರ ಜೂನ್‌ನಲ್ಲಿ ಫ್ರಾನ್ಸ್ ಸೋತಾಗ ಅವರ ಸರ್ಕಾರ ಲಂಡನ್ನಿಗೆ ಹೋಯಿತು.

1941ರ ಒಪ್ಪಂದ

ಪೂರ್ವ ಪೋಲೆಂಡನ್ನು ಹಿಡಿದ ಸೋವಿಯತ್ ಆಡಳಿತ ಅಲ್ಲಿನ ಲಕ್ಷಾಂತರ ಜನರನ್ನು ರೈಲಿನಲ್ಲಿ ತುಂಬಿ ಸೈಬೀರಿಯಾ, ಕಜಾಕಿಸ್ತಾನಗಳಿಗೆ ಸಾಗಿಸಿತ್ತು. ಅವರಲ್ಲಿ ಮಹಿಳೆಯರು, ಮಕ್ಕಳೂ ಇದ್ದರು. 1941ರ ಜೂನ್‌ನಲ್ಲಿ ಹಿಟ್ಲರ್ ಸೋವಿಯತ್ ಒಕ್ಕೂಟದ ಮೇಲೆಯೇ ದಾಳಿ ಮಾಡಿದಾಗ ಪರಿಸ್ಥಿತಿ ಬದಲಾಯಿತು. ಜುಲೈ 30ರಂದು ಲಂಡನ್ನಿನಲ್ಲಿ, ಚರ್ಚಿಲ್ ಸಮ್ಮುಖದಲ್ಲಿ, ಸಿಕೋರ್ಸ್ಕಿ ಮತ್ತು ಸೋವಿಯತ್ ರಾಯಭಾರಿ ಇವಾನ್ ಮೈಸ್ಕಿ ಒಪ್ಪಂದಕ್ಕೆ ಸಹಿ ಹಾಕಿದರು. ಇತಿಹಾಸದಲ್ಲಿ ಇದು 'ಸಿಕೋರ್ಸ್ಕಿ-ಮೈಸ್ಕಿ ಒಪ್ಪಂದ'ವೆಂದೇ ಹೆಸರಾಗಿದೆ.

ಒಪ್ಪಂದಕ್ಕೆ ಪೋಲಿಷರಲ್ಲೇ ತೀವ್ರ ವಿರೋಧವಿತ್ತು. ಯುದ್ಧದ ನಂತರ ಪೂರ್ವದ ಗಡಿ ಎಲ್ಲಿರಬೇಕು ಎಂಬುದನ್ನು ಅದು ಸ್ಪಷ್ಟಪಡಿಸಿರಲಿಲ್ಲ. ತಪ್ಪನ್ನೇ ಮಾಡದ ಜನರ ಬಿಡುಗಡೆಗೆ 'ಕ್ಷಮಾದಾನ' ಎಂಬ ಪದ ಬಳಸಿದ್ದೂ ಹಲವರಿಗೆ ನೋವು ತಂದಿತು. ಮೂವರು ಸಚಿವರು ರಾಜೀನಾಮೆ ಕೊಟ್ಟರು. ಆದರೆ ಆ ಸಹಿಯಿಂದಾಗಿ ಶ್ರಮಶಿಬಿರಗಳ ಬಾಗಿಲು ತೆರೆಯಿತು. ಬಿಡುಗಡೆಯಾದವರಿಂದ ಜನರಲ್ ಆಂಡರ್ಸ್ ನೇತೃತ್ವದಲ್ಲಿ ಸೋವಿಯತ್ ನೆಲದಲ್ಲಿಯೇ ಪೋಲಿಷ್ ಸೇನೆ ಕಟ್ಟಲಾಯಿತು. 1942ರಲ್ಲಿ ಸೈನಿಕರು, ಅವರ ಕುಟುಂಬದವರು, ಅನಾಥ ಮಕ್ಕಳು ಸೇರಿ ಸುಮಾರು 1 ಲಕ್ಷ 15 ಸಾವಿರ ಜನ ಇರಾನ್ ತಲುಪಿದರು. ಹೊರಬರಲಾಗದೆ ಅಲ್ಲಿಯೇ ಉಳಿದವರ ಸಂಖ್ಯೆ ಇದಕ್ಕಿಂತ ಬಹಳ ದೊಡ್ಡದು.

ಕೊಲ್ಹಾಪುರದ ನಂಟು

ಇರಾನ್ ತಲುಪಿದ ನಿರಾಶ್ರಿತರಲ್ಲಿ ಒಂದು ಭಾಗ ಭಾರತಕ್ಕೆ ಬಂದಿತು. ಗುಜರಾತಿನ ಜಾಮ್‌ನಗರದ ಬಳಿಯ ಬಾಲಾಚಡಿಯಲ್ಲಿ ಜಾಮ್ ಸಾಹೇಬ್ ದಿಗ್ವಿಜಯಸಿಂಹಜಿಯವರು ನೂರಾರು ಪೋಲಿಷ್ ಮಕ್ಕಳಿಗೆ ಆಶ್ರಯ ಕೊಟ್ಟರು. ಅದಕ್ಕಿಂತ ದೊಡ್ಡ ವಸತಿ 1943ರಲ್ಲಿ ಕೊಲ್ಹಾಪುರ ಸಂಸ್ಥಾನದ ವಳಿವಡೆಯಲ್ಲಿ ಆರಂಭವಾಯಿತು. ಸುಮಾರು 5 ಸಾವಿರ ಪೋಲಿಷರು, ಹೆಚ್ಚಾಗಿ ಮಹಿಳೆಯರು ಮತ್ತು ಮಕ್ಕಳು, ಅಲ್ಲಿ ನೆಲೆಸಿದರು. ಶಾಲೆ, ಚರ್ಚ್, ಆಸ್ಪತ್ರೆ, ಸ್ಕೌಟ್ ದಳ ಎಲ್ಲವನ್ನೂ ಒಳಗೊಂಡ ಪುಟ್ಟ ಪೋಲಿಷ್ ಪಟ್ಟಣವೇ ಅಲ್ಲಿ ಬೆಳೆಯಿತು. ಅದರ ಖರ್ಚನ್ನು ಲಂಡನ್ನಿನ ಪೋಲಿಷ್ ಸರ್ಕಾರ ಭರಿಸುತ್ತಿತ್ತು.

ಯುದ್ಧ ಮುಗಿದ ಮೇಲೆ ಇವರಲ್ಲಿ ಅನೇಕರಿಗೆ ಹಿಂದಿರುಗಲು ಊರೇ ಉಳಿದಿರಲಿಲ್ಲ. ಅವರ ಊರುಗಳು ಸೋವಿಯತ್ ಗಡಿಯೊಳಗೆ ಸೇರಿಹೋಗಿದ್ದವು. 1948ರ ವೇಳೆಗೆ ವಳಿವಡೆ ಶಿಬಿರ ಮುಚ್ಚಿತು. ಕೆಲವರು ಪೋಲೆಂಡಿಗೆ ಮರಳಿದರು, ಉಳಿದವರು ಬ್ರಿಟನ್, ಆಸ್ಟ್ರೇಲಿಯಾ, ಕೆನಡಾ, ಅಮೆರಿಕಗಳಿಗೆ ಚದುರಿದರು. ದೇಶ ವಿಭಜನೆಯಾದಾಗ ಸಿಂಧ್‌ನಿಂದ ಬಂದ ನಿರಾಶ್ರಿತರಿಗೆ ಅದೇ ಜಾಗದಲ್ಲಿ ನೆಲೆ ಸಿಕ್ಕಿತು. ಅದೇ ಇಂದಿನ ಗಾಂಧಿನಗರ. ಕೊಲ್ಹಾಪುರದಲ್ಲಿ ತೀರಿಕೊಂಡ ಪೋಲಿಷರ ಸಮಾಧಿಗಳು ಮತ್ತು ಅವರ ನೆನಪಿನ ಸ್ಮಾರಕ ಆ ನಗರದಲ್ಲಿವೆ. ವಾರ್ಸಾದಲ್ಲಿಯೂ ಕೊಲ್ಹಾಪುರದ ಹೆಸರಿನ ಸ್ಮಾರಕವಿದೆ. 2024ರ ಆಗಸ್ಟ್‌ನಲ್ಲಿ ಪೋಲೆಂಡಿಗೆ ಭೇಟಿ ನೀಡಿದ ಪ್ರಧಾನಿ ನರೇಂದ್ರ ಮೋದಿ ಅಲ್ಲಿ ಗೌರವ ಸಲ್ಲಿಸಿದರು.

ಜನರಲ್ ಫ್ರಾನ್ಸಿಶೆಕ್ ಸಿಕೋರ್ಸ್ಕಿ (1889-1940)

ಇದೇ ಕುಲನಾಮದ ಇನ್ನೊಬ್ಬ ಜನರಲ್ ಫ್ರಾನ್ಸಿಶೆಕ್ ಸಿಕೋರ್ಸ್ಕಿ. ಇವರು ಲ್ವೂವ್ ನಗರದಲ್ಲಿ ಹುಟ್ಟಿದವರು. 1939ರ ಸೆಪ್ಟೆಂಬರ್‌ನಲ್ಲಿ ಜರ್ಮನರ ವಿರುದ್ಧ ಅದೇ ನಗರದ ರಕ್ಷಣೆಯ ಹೊಣೆ ಹೊತ್ತಿದ್ದರು. ಪೂರ್ವದಿಂದ ಸೋವಿಯತ್ ಸೇನೆಯೂ ಬಂದು ಮುತ್ತಿದಾಗ ಸೆಪ್ಟೆಂಬರ್ 22ರಂದು ನಗರ ಅವರಿಗೆ ಶರಣಾಯಿತು. ಅಧಿಕಾರಿಗಳು ಸ್ವತಂತ್ರವಾಗಿ ನೆರೆಯ ದೇಶಗಳಿಗೆ ಹೋಗಬಹುದು ಎಂಬುದು ಶರಣಾಗತಿಯ ಷರತ್ತಾಗಿತ್ತು. ಆ ಮಾತು ನಡೆಯಲಿಲ್ಲ. ಅವರನ್ನೂ ಇತರ ಅಧಿಕಾರಿಗಳನ್ನೂ ಬಂಧಿಸಿ ಸ್ತರೊಬೆಲ್ಸ್ಕ್ ಶಿಬಿರಕ್ಕೆ ಒಯ್ಯಲಾಯಿತು. 1940ರ ವಸಂತದಲ್ಲಿ ಖಾರ್ಕಿವ್‌ನಲ್ಲಿ ಫ್ರಾನ್ಸಿಶೆಕ್ ಸಿಕೋರ್ಸ್ಕಿಯವರನ್ನು ಕೊಲ್ಲಲಾಯಿತು. ಆ ವಸಂತದಲ್ಲಿ ಸೋವಿಯತ್ ರಹಸ್ಯ ಪೊಲೀಸರು ಹೀಗೆ ಕೊಂದ ಪೋಲಿಷ್ ಕೈದಿಗಳ ಸಂಖ್ಯೆ ಸುಮಾರು 22 ಸಾವಿರ. ಕೊಲೆ ನಡೆದ ಸ್ಥಳಗಳಲ್ಲಿ ಒಂದಾದ ಕಾಟಿನ್ ಕಾಡಿನ ಹೆಸರಿನಿಂದ ಇದು 'ಕಾಟಿನ್ ಹತ್ಯಾಕಾಂಡ' ಎನಿಸಿದೆ.

ಆಗ ಇದು ಹೊರಜಗತ್ತಿಗೆ ಗೊತ್ತಿರಲಿಲ್ಲ. 1941ರ ಡಿಸೆಂಬರ್ 3ರಂದು ಮಾಸ್ಕೋದಲ್ಲಿ ಸ್ಟಾಲಿನ್ ಅವರನ್ನು ಭೇಟಿಯಾದ ಪ್ರಧಾನಿ ಸಿಕೋರ್ಸ್ಕಿ, ಕಾಣೆಯಾದ ಸಾವಿರಾರು ಅಧಿಕಾರಿಗಳ ಪಟ್ಟಿ ಮುಂದಿಟ್ಟು ಇವರೆಲ್ಲಿ ಎಂದು ಕೇಳಿದರು. ಅವರು ಮಂಚೂರಿಯಾಕ್ಕೆ ಓಡಿಹೋಗಿರಬಹುದು ಎಂಬ ಉತ್ತರ ಬಂತು. 1943ರ ಏಪ್ರಿಲ್‌ನಲ್ಲಿ ಕಾಟಿನ್ ಗೋರಿಗಳ ಸುದ್ದಿಯನ್ನು ಜರ್ಮನರು ಪ್ರಕಟಿಸಿದಾಗ, ಸಿಕೋರ್ಸ್ಕಿ ಸರ್ಕಾರ ರೆಡ್‌ಕ್ರಾಸ್ ತನಿಖೆ ಬಯಸಿತು. ಇದನ್ನೇ ನೆಪ ಮಾಡಿಕೊಂಡು ಸ್ಟಾಲಿನ್ ಪೋಲಿಷ್ ಸರ್ಕಾರದೊಂದಿಗೆ ಸಂಬಂಧ ಕಡಿದುಕೊಂಡರು. ಈ ಕೊಲೆಗಳು ತನ್ನ ಪೊಲೀಸರ ಕೃತ್ಯವೆಂದು ಸೋವಿಯತ್ ಸರ್ಕಾರ ಒಪ್ಪಿಕೊಂಡಿದ್ದು 1990ರಲ್ಲಿ, ಘಟನೆ ನಡೆದು 50 ವರ್ಷಗಳ ಬಳಿಕ.

ಜಿಬ್ರಾಲ್ಟರ್ ದುರಂತ

1943ರ ಜುಲೈ 4ರ ರಾತ್ರಿ, ಮಧ್ಯಪ್ರಾಚ್ಯದಲ್ಲಿದ್ದ ಪೋಲಿಷ್ ಸೇನೆಯನ್ನು ಭೇಟಿ ಮಾಡಿ ಲಂಡನ್ನಿಗೆ ಮರಳುತ್ತಿದ್ದ ವ್ಲಾಡಿಸ್ಲಾವ್ ಸಿಕೋರ್ಸ್ಕಿಯವರ ವಿಮಾನ ಜಿಬ್ರಾಲ್ಟರ್‌ನಿಂದ ಮೇಲೇರಿದ ಕೆಲವೇ ಕ್ಷಣಗಳಲ್ಲಿ ಸಮುದ್ರಕ್ಕೆ ಬಿದ್ದಿತು. ಅವರ ಜೊತೆಗಿದ್ದ ಮಗಳು ಜೋಫಿಯಾ ಲೆಶ್ನ್ಯೋವ್ಸ್ಕಾ ಕೂಡ ಅಸುನೀಗಿದರು. ಆಕೆಯ ಶವ ಸಿಗಲೇ ಇಲ್ಲ. ಬದುಕುಳಿದವರು ಚೆಕ್ ಮೂಲದ ಪೈಲಟ್ ಎಡ್ವರ್ಡ್ ಪ್ರಖಾಲ್ ಒಬ್ಬರೇ.

ವಿಮಾನದ ನಿಯಂತ್ರಣ ವ್ಯವಸ್ಥೆ ಸಿಕ್ಕಿಹಾಕಿಕೊಂಡಿತ್ತು, ಆದರೆ ವಿಧ್ವಂಸಕ ಕೃತ್ಯ ಕಂಡುಬಂದಿಲ್ಲ ಎಂದು ಬ್ರಿಟಿಷ್ ತನಿಖೆ ಹೇಳಿತು. ಅನುಮಾನಗಳು ಮಾತ್ರ ನಿಲ್ಲಲಿಲ್ಲ. ಜರ್ಮನ್ ನಾಟಕಕಾರ ರೋಲ್ಫ್ ಹೊಖ್‌ಹುಟ್ 1967ರ ನಾಟಕವೊಂದರಲ್ಲಿ ಚರ್ಚಿಲ್ ಕಡೆಗೇ ಬೆರಳು ತೋರಿಸಿದರು. ಪೈಲಟ್ ಪ್ರಖಾಲ್ ಲಂಡನ್ನಿನಲ್ಲಿ ಮಾನನಷ್ಟ ಮೊಕದ್ದಮೆ ಹೂಡಿ 1972ರಲ್ಲಿ ಗೆದ್ದರು. 2008ರಲ್ಲಿ ಪೋಲೆಂಡಿನ ತನಿಖಾಧಿಕಾರಿಗಳು ಸಿಕೋರ್ಸ್ಕಿಯವರ ಸಮಾಧಿ ತೆರೆದು ಅವಶೇಷಗಳನ್ನು ಪರೀಕ್ಷಿಸಿದರು. ವಿಮಾನ ಅಪಘಾತದಲ್ಲಿ ಆಗುವಂತಹ ಗಾಯಗಳಿಂದಲೇ ಸಾವು ಸಂಭವಿಸಿದೆ, ಗುಂಡಿಕ್ಕಿದ ಅಥವಾ ಕತ್ತು ಹಿಸುಕಿದ ಗುರುತಿಲ್ಲ ಎಂಬುದು ಪರೀಕ್ಷೆಯ ಫಲಿತಾಂಶ. ವಿಮಾನ ಬಿದ್ದಿದ್ದೇಕೆ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಅವರನ್ನು ಮೊದಲು ಇಂಗ್ಲೆಂಡಿನ ನ್ಯೂಆರ್ಕ್ ಪಟ್ಟಣದಲ್ಲಿ ಪೋಲಿಷ್ ವೈಮಾನಿಕರ ಸಮಾಧಿಗಳ ಬಳಿ ಮಣ್ಣು ಮಾಡಲಾಗಿತ್ತು. ಪೋಲೆಂಡ್ ಕಮ್ಯುನಿಸ್ಟ್ ಆಡಳಿತದಿಂದ ಹೊರಬಂದ ಮೇಲೆ, 1993ರ ಸೆಪ್ಟೆಂಬರ್ 17ರಂದು, ಅಂದರೆ ಸೋವಿಯತ್ ದಾಳಿ ನಡೆದ ದಿನದಂದೇ, ಅವರ ಅವಶೇಷಗಳನ್ನು ಕ್ರಾಕೂವ್ ನಗರದ ವಾವೆಲ್ ದೇಗುಲದಲ್ಲಿ ರಾಜರ ಸಮಾಧಿಗಳ ಸಾಲಿನಲ್ಲಿ ಇರಿಸಲಾಯಿತು. ಲಂಡನ್ನಿನಲ್ಲಿ ಅವರ ಹೆಸರಿನ ಸಂಶೋಧನಾ ಸಂಸ್ಥೆ ಮತ್ತು ವಸ್ತುಸಂಗ್ರಹಾಲಯವಿದ್ದು, ದೇಶಭ್ರಷ್ಟ ಸರ್ಕಾರದ ಕಡತಗಳು ಅಲ್ಲಿವೆ.

ಇಗೋರ್ ಸಿಕೋರ್ಸ್ಕಿ (1889-1972)

ಹೆಲಿಕಾಪ್ಟರ್ ಜಗತ್ತಿನ ದೊಡ್ಡ ಹೆಸರು ಇಗೋರ್ ಸಿಕೋರ್ಸ್ಕಿ. ಅವರು ಹುಟ್ಟಿದ್ದು ಆಗ ರಷ್ಯನ್ ಸಾಮ್ರಾಜ್ಯದಲ್ಲಿದ್ದ ಕೀವ್ ನಗರದಲ್ಲಿ. ಕುಲನಾಮ ಪೋಲಿಷ್ ಆದರೂ ಮನೆತನ ಆರ್ಥೊಡಾಕ್ಸ್ ಕ್ರೈಸ್ತ ಪಂಥದ್ದು. ತಾತ ಪಾದ್ರಿ, ತಂದೆ ಇವಾನ್ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಗಡಿಗಳು ಪದೇ ಪದೇ ಬದಲಾಗುತ್ತಿದ್ದ ಆ ಸೀಮೆಯಲ್ಲಿ ಒಂದೇ ಕುಲನಾಮ ಭಾಷೆ, ಪಂಥಗಳ ಗೆರೆ ದಾಟಿ ಹೋಗುವುದು ಸಾಮಾನ್ಯ.

ನಾಲ್ಕು ಎಂಜಿನ್‌ಗಳ ಮೊದಲ ವಿಮಾನವನ್ನು ಇಗೋರ್ 1913ರಲ್ಲಿ ಹಾರಿಸಿದರು. ರಷ್ಯಾದ ಕ್ರಾಂತಿಯ ನಂತರ ದೇಶ ಬಿಟ್ಟು 1919ರಲ್ಲಿ ನ್ಯೂಯಾರ್ಕ್ ಸೇರಿದರು. 1923ರಲ್ಲಿ ಸ್ವಂತ ಕಂಪನಿ ತೆರೆದಾಗ ಕೆಲಸ ನಡೆದಿದ್ದು ಒಂದು ಕೋಳಿ ಫಾರ್ಮ್‌ನಲ್ಲಿ. ತಮ್ಮಂತೆಯೇ ವಲಸೆ ಬಂದಿದ್ದ ಸಂಗೀತಗಾರ ರಾಖ್ಮನಿನೋವ್ 5 ಸಾವಿರ ಡಾಲರ್ ಕೊಟ್ಟು ನೆರವಾದರು. 1939ರ ಸೆಪ್ಟೆಂಬರ್ 14ರಂದು, ಪೋಲೆಂಡ್ ಯುದ್ಧದಲ್ಲಿ ಬೇಯುತ್ತಿದ್ದ ದಿನಗಳಲ್ಲಿ, ಅಮೆರಿಕದ ಕನೆಕ್ಟಿಕಟ್‌ನಲ್ಲಿ ಅವರ ವಿಎಸ್-300 ಹೆಲಿಕಾಪ್ಟರ್ ಹಗ್ಗ ಕಟ್ಟಿದ ಸ್ಥಿತಿಯಲ್ಲಿ ಮೊದಲ ಬಾರಿ ನೆಲ ಬಿಟ್ಟಿತು. 1940ರ ಮೇ 13ರಂದು ಹಗ್ಗವಿಲ್ಲದೆ ಹಾರಿತು. ಮೇಲೆ ಒಂದು ದೊಡ್ಡ ರೆಕ್ಕೆ, ಬಾಲದಲ್ಲಿ ಒಂದು ಚಿಕ್ಕ ರೆಕ್ಕೆ ಎಂಬ ಅದರ ವಿನ್ಯಾಸವನ್ನೇ ಇಂದಿಗೂ ಹೆಚ್ಚಿನ ಹೆಲಿಕಾಪ್ಟರ್‌ಗಳು ಅನುಸರಿಸುತ್ತವೆ.

ಭಾರತೀಯ ವಾಯುಪಡೆ 1954ರಲ್ಲಿ ಪಡೆದ ಮೊದಲ ಹೆಲಿಕಾಪ್ಟರ್ ಸಿಕೋರ್ಸ್ಕಿ ಎಸ್-55. ನೌಕಾಪಡೆಗೆ ಅದೇ ಕಂಪನಿಯ ಸೀಹಾಕ್ ಹೆಲಿಕಾಪ್ಟರ್‌ಗಳ ಮೊದಲ ತುಕಡಿ 2024ರ ಮಾರ್ಚ್ 6ರಂದು ಕೇರಳದ ಕೊಚ್ಚಿಯಲ್ಲಿ ಸೇರ್ಪಡೆಯಾಯಿತು.

ರೋಮನ್ ಸಿಕೋರ್ಸ್ಕಿ (1920-1983)

ವಾರ್ಸಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ರೋಮನ್ ಸಿಕೋರ್ಸ್ಕಿ ಗಣಿತಜ್ಞರಲ್ಲಿ ಹೆಸರಾದವರು. ಕಂಪ್ಯೂಟರ್ ತರ್ಕಕ್ಕೆ ಆಧಾರವಾದ ಬೂಲಿಯನ್ ಬೀಜಗಣಿತದ ಬಗ್ಗೆ ಅವರು ಬರೆದ ಗ್ರಂಥ 1960ರಲ್ಲಿ ಹೊರಬಂತು. ಹೆಲೆನಾ ರಸ್ಯೋವಾ ಅವರೊಂದಿಗೆ 1950ರಲ್ಲಿ ಪ್ರಕಟಿಸಿದ 'ರಸ್ಯೋವಾ-ಸಿಕೋರ್ಸ್ಕಿ ಪ್ರಮೇಯ' ಗಣ ಸಿದ್ಧಾಂತದಲ್ಲಿ ಇಂದಿಗೂ ಬಳಕೆಯಲ್ಲಿದೆ.

ಸಂಗೀತದಲ್ಲಿ ತಂದೆ-ಮಗ

ಕಜಿಮೀರ್ ಸಿಕೋರ್ಸ್ಕಿ (1895-1986) ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಹುಟ್ಟಿದ ಪೋಲಿಷ್ ಸಂಗೀತ ಸಂಯೋಜಕರು. ಸ್ವಂತ ಕೃತಿಗಳಿಗಿಂತ ಗುರುವಾಗಿ ಅವರ ಹೆಸರು ದೊಡ್ಡದು. ಗ್ರಾಜಿನಾ ಬಾತ್ಸೆವಿಚ್, ಆಂಡ್ರೆ ಪಾನುಫ್ನಿಕ್ ಅವರಂತಹ ಪ್ರಸಿದ್ಧರು ಅವರ ಶಿಷ್ಯರು. ಮಗ ತೊಮಾಷ್ ಸಿಕೋರ್ಸ್ಕಿ (1939-1988) ಕೂಡ ಸಂಯೋಜಕರು. ಕೆಲವೇ ಸ್ವರಗಳನ್ನು ಮತ್ತೆ ಮತ್ತೆ ನುಡಿಸಿ ಅವುಗಳ ಮರುದನಿಯನ್ನು ಆಲಿಸುವ ಶೈಲಿ ಅವರದು.

ರಾಡೊಸ್ಲಾವ್ ಸಿಕೋರ್ಸ್ಕಿ (ಜನನ 1963)

ಇಂದಿನ ಸುದ್ದಿಗಳಲ್ಲಿ ಕಾಣುವ ಸಿಕೋರ್ಸ್ಕಿ, ಪೋಲೆಂಡಿನ ರಾಜಕಾರಣಿ ರಾಡೊಸ್ಲಾವ್. 1963ರ ಫೆಬ್ರವರಿ 23ರಂದು ಬಿದ್ಗೋಷ್ಚ್ ನಗರದಲ್ಲಿ ಹುಟ್ಟಿದರು. 1981ರ ಡಿಸೆಂಬರ್‌ನಲ್ಲಿ ಪೋಲೆಂಡಿನಲ್ಲಿ ಸೇನಾಡಳಿತ ಹೇರಿದಾಗ ಬ್ರಿಟನ್ನಿನಲ್ಲಿದ್ದ ಅವರು ಅಲ್ಲಿಯೇ ಆಶ್ರಯ ಪಡೆದು ಆಕ್ಸ್‌ಫರ್ಡ್‌ನಲ್ಲಿ ಓದಿದರು. ನಂತರ ಪತ್ರಕರ್ತರಾಗಿ ಅಫ್ಘಾನಿಸ್ತಾನದ ಯುದ್ಧವನ್ನು ವರದಿ ಮಾಡಿದರು. ಬಾಂಬ್ ದಾಳಿಗೆ ಬಲಿಯಾದ ಅಲ್ಲಿನ ಕುಟುಂಬವೊಂದರ ಛಾಯಾಚಿತ್ರಕ್ಕೆ ಅವರಿಗೆ 1988ರಲ್ಲಿ ವರ್ಲ್ಡ್ ಪ್ರೆಸ್ ಫೋಟೊ ಪ್ರಶಸ್ತಿ ಬಂತು.

2005ರಿಂದ 2007ರವರೆಗೆ ರಕ್ಷಣಾ ಸಚಿವ, 2007ರಿಂದ 2014ರವರೆಗೆ ವಿದೇಶಾಂಗ ಸಚಿವ, ಬಳಿಕ 2015ರವರೆಗೆ ಸಂಸತ್ತಿನ ಕೆಳಮನೆಯ ಸಭಾಪತಿಯಾಗಿದ್ದರು. 2023ರ ಡಿಸೆಂಬರ್‌ನಲ್ಲಿ ಮತ್ತೆ ವಿದೇಶಾಂಗ ಖಾತೆ ವಹಿಸಿಕೊಂಡರು. ಅವರ ಪತ್ನಿ, ಅಮೆರಿಕ ಮೂಲದ ಇತಿಹಾಸಕಾರ್ತಿ ಆನ್ ಆಪಲ್‌ಬಾಮ್. ಸೋವಿಯತ್ ಶ್ರಮಶಿಬಿರಗಳ ಇತಿಹಾಸವನ್ನು ಬರೆದು 2004ರ ಪುಲಿಟ್ಜರ್ ಪ್ರಶಸ್ತಿ ಪಡೆದವರು ಅವರೇ. 1941ರ ಒಪ್ಪಂದದಿಂದ ಹೊರಬಂದ ಪೋಲಿಷರಲ್ಲಿ ಅನೇಕರು ಅಂತಹ ಶಿಬಿರಗಳಲ್ಲಿ ಇದ್ದವರು.

ಹೆಸರು ಒಂದು, ದಾರಿ ಹಲವು

ಸಿಕೋರ್ಸ್ಕಿ ಎಂಬ ಹೆಸರು ಇಂದು ಕ್ರಾಕೂವ್‌ನ ಸಮಾಧಿಯ ಮೇಲಿದೆ, ಲಂಡನ್ನಿನ ವಸ್ತುಸಂಗ್ರಹಾಲಯದ ಮೇಲಿದೆ, ಕೊಚ್ಚಿಯ ಮೇಲೆ ಹಾರುವ ಹೆಲಿಕಾಪ್ಟರ್‌ನ ಹಿಂದಿದೆ. ಗಣಿತದ ಪಠ್ಯಗಳಲ್ಲೂ ಇದೆ. ಒಬ್ಬ ಸಿಕೋರ್ಸ್ಕಿ ಮಾತು ನಂಬಿ ಶರಣಾಗಿ ಪ್ರಾಣ ಕಳೆದುಕೊಂಡರು. ಇನ್ನೊಬ್ಬರು ಅದೇ ಸೋವಿಯತ್ ಸರ್ಕಾರದೊಂದಿಗೆ, ತಮ್ಮವರ ಬೈಗುಳ ಕೇಳಿಯೂ, ಸಹಿ ಹಾಕಿ ಲಕ್ಷಕ್ಕೂ ಹೆಚ್ಚು ಜನ ಹೊರಬರಲು ದಾರಿ ಮಾಡಿದರು. ಆ ಸಹಿಯ ಫಲವಾಗಿ ಕೊಲ್ಹಾಪುರ ತಲುಪಿ, ವಳಿವಡೆಯ ಶಾಲೆಯಲ್ಲಿ ಓದಿ ದೊಡ್ಡವರಾದ ಮಕ್ಕಳು ಮುಂದೆ ವೃದ್ಧರಾಗಿ ಅದೇ ಊರನ್ನು ನೋಡಲು ಮರಳಿ ಬಂದದ್ದೂ ಉಂಟು.